ಸಪ್ತಾಪುರದ ಅಕ್ಕಾರ ಖಾನಾವಳಿ: ಮೂರು ತಿಂಗಳು ಉಂಡು ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ಇದು ಒಂದು ದಿನ ಹೋಗಿ ಒಂದು ಊಟ ಮಾಡಿ ಬರೆದ ರಿವ್ಯೂ ಅಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆವರೆಗೆ, ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಇಲ್ಲೇ ಉಂಡಿದ್ದೇನೆ. ಅದಕ್ಕೇ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಜಾಗ ಧಾರವಾಡದ ಸಪ್ತಾಪುರ. ಕೋಚಿಂಗ್ ಕ್ಲಾಸ್, ಪಿಜಿ, ಜೆರಾಕ್ಸ್ ಅಂಗಡಿ ಸಾಲುಗಟ್ಟಿರುವ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಸಣ್ಣ ಓಣಿ, ಓಣಿಯ ಕೊನೆಗೆ ಹಂಚಿನ ಮನೆ. ಆ ಮನೆಯ ಪಡಸಾಲೆಯೇ ಊಟದ ಹಾಲ್. ಬೋರ್ಡ್ ಮೇಲೆ "ಜೋಳದ ರೊಟ್ಟಿ ಊಟ" ಅಂತ ಇದೆ, ಬೇರೆ ಹೆಸರಿಲ್ಲ. ಹುಡುಗರು "ಅಕ್ಕಾರ ಖಾನಾವಳಿ" ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು. ಎಷ್ಟೋ ವರ್ಷ ಕರುಳಿನ ಪಾಠ ಮಾಡಿದ್ದೇನೆ. ಸಣ್ಣ ಕರುಳಿನ ಚಿತ್ರ ಕಣ್ಣು ಮುಚ್ಚಿ ಬರೆಯಬಲ್ಲೆ. ಆ ಪಾಠವನ್ನೇ ಎನ್‌ಸಿಇಆರ್‌ಟಿಯವರು 11ನೇ ತರಗತಿ ಪುಸ್ತಕದಿಂದ ತೆಗೆದುಬಿಟ್ಟರು, ನನಗೆ ಇವತ್ತಿಗೂ ಬೇಜಾರಿದೆ. ದಿನಕ್ಕೆ ಮೂರು ಹೊತ್ತು ಉಣ್ಣುವ ಮಕ್ಕಳಿಗೆ ಉಂಡದ್ದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಬೇಕಲ್ವಾ? ಹಾಗಾಗಿ ಈ ರಿವ್ಯೂನಲ್ಲಿ ಊಟದ ಜೊತೆ ಸ್ವಲ್ಪ ಕರುಳಿನ ಮಾತೂ ಬರುತ್ತದೆ. ಎರಡನ್ನೂ ಬೇರೆ ಮಾಡೋಕೆ ನನಗೆ ಆಗಲ್ಲ.

ಇಲ್ಲಿಗೆ ಬಂದ ಕಾರಣ ಹೇಳಬೇಕು. ಆಗಸ್ಟ್‌ನಲ್ಲಿ, ಜಿಟಿಜಿಟಿ ಮಳೆ ಹಿಡಿದ ವಾರ, ಒಂದು ಕಡೆ ಹೊರಗೆ ಉಂಡೆ. ಎಲ್ಲಿ ಅಂತ ಹೇಳಲ್ಲ. ಅದೇ ರಾತ್ರಿ ಶುರುವಾಯಿತು. ವಾಂತಿ, ಭೇದಿ, ಮೈಯೆಲ್ಲ ನಡುಕ. ಎರಡು ರಾತ್ರಿ ನಿದ್ದೆ ಇಲ್ಲ. ಡಾಕ್ಟರ್ ಪರೀಕ್ಷೆ ಮಾಡಿಸಿ ಐದು ದಿನ ಆಂಟಿಬಯೋಟಿಕ್ ಕೊಟ್ಟರು, ಅದಕ್ಕಿಂತ ಮುಖ್ಯ ಅಂತ ಓಆರ್‌ಎಸ್ ಪ್ಯಾಕೆಟ್ ಕೊಟ್ಟು, "ಒಂದು ಪ್ಯಾಕೆಟ್ಟಿಗೆ ಸರಿಯಾಗಿ ಒಂದು ಲೀಟರ್ ನೀರು, ಗುಟುಕು ಗುಟುಕು ಕುಡೀರಿ" ಅಂದರು.

ಆ ಓಆರ್‌ಎಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ, ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಹಿಡಿದಾಗ ಸಲೈನ್ ಬಾಟಲಿ ಸಾಲದೆ ಹೋಯಿತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಾಲನೋಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3ರ ಆಸುಪಾಸಿಗೆ ಇಳಿಯಿತು. ಕೆಲಸ ಮಾಡಿದ್ದು ಸಣ್ಣ ಕರುಳಿನ ಒಂದು ಗುಣ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ, ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದರೆ ಅದು ತೆರೆಯುತ್ತದೆ, ಅವು ಒಳಗೆ ಹೋದಾಗ ಹಿಂದೆಯೇ ನೀರೂ ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಈ ಬಾಗಿಲು ಕೆಲಸ ನಿಲ್ಲಿಸಲ್ಲ. ನಾನು ಹಾಸಿಗೆ ಮೇಲೆ ಕೂತು ಆ ಉಪ್ಪು-ಸಿಹಿ ನೀರು ಕುಡಿಯುವಾಗ ಅವರನ್ನೇ ನೆನೆಸಿಕೊಂಡೆ. 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಕೊಟ್ಟರು.

ಭೇದಿ ನಿಂತಿತು. ಹೊಟ್ಟೆ ಮಾತ್ರ ಸರಿಹೋಗಲಿಲ್ಲ. ಹಾಲು ಹಾಕಿದ ಚಹಾ ಕುಡಿದರೆ ಗುಡುಗುಡು. ಒಂದು ಪೇಢೆ ತಿಂದರೆ ಅರ್ಧ ಗಂಟೆಯಲ್ಲಿ ಓಡಬೇಕು. ಏನು ಉಂಡರೂ ಉಬ್ಬರ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಅನ್ನೋದು ಕರುಳಿನ ಒಳಮೈಯಲ್ಲಿರುವ ಬೆರಳಿನಂಥ ಎಳೆಗಳ ತುದಿಯಲ್ಲಿ ಇರುತ್ತದೆ. ಸೋಂಕು ಬಂದಾಗ ಮೊದಲು ಪೆಟ್ಟು ಬೀಳೋದು ಆ ತುದಿಗೇ. ಒಡೆಯದ ಹಾಲಿನ ಸಕ್ಕರೆ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಪೇಢೆ ಅಂದರೆ ಹಾಲು ಕಾಯಿಸಿ ಬತ್ತಿಸಿದ ಖವಾ, ಅದರಲ್ಲಿ ಈ ಸಕ್ಕರೆ ಇನ್ನೂ ಗಟ್ಟಿ. ಪಾಠದಲ್ಲಿ ಹೇಳಿದ್ದನ್ನು ಮೈಮೇಲೆ ನೋಡಿದ ಹಾಗಾಯಿತು.

ಮೆಡಿಕಲ್ ಶಾಪ್‌ನಲ್ಲಿ ಪ್ರೋಬಯೋಟಿಕ್ ಕ್ಯಾಪ್ಸೂಲ್, ಫೈಬರ್ ಪುಡಿ ಎಲ್ಲ ತೋರಿಸಿದರು. ಡಾಕ್ಟರನ್ನು ಕೇಳಿದೆ. "ಬೇಕಾಗಿಲ್ಲ, ಸರಿಯಾಗಿ ಊಟ ಮಾಡ್ರಿ, ಕೆಲವು ವಾರ ಹಿಡಿತದ" ಅಂದರು. ನಾನು ಒಬ್ಬನೇ ಇರುವವನು. ಸರಿಯಾದ ಊಟ ಎಲ್ಲಿ ಅಂತ ಹುಡುಕಿದಾಗ ನಮ್ಮ ಕ್ಲಾಸಿನ ಹುಡುಗನೊಬ್ಬ ಈ ಓಣಿ ತೋರಿಸಿದ.

ಮೊದಲ ದಿನ ತಟ್ಟೆ ಮುಂದೆ ಕೂತು, ಹೊಟ್ಟೆ ಸರಿ ಇಲ್ಲ ಅಂತ ಹೇಳಿದೆ. ಅಕ್ಕ ಬುಟ್ಟಿಯಲ್ಲಿದ್ದ ರೊಟ್ಟಿ ತೆಗೆಯಲೇ ಇಲ್ಲ. "ಹಂಗಾರ ಇವತ್ತ ರೊಟ್ಟಿ ಬ್ಯಾಡ್ರಿ ಸರ್ರ. ಮಜ್ಜಿಗಿ ಅನ್ನ ಉಣ್ರಿ, ನಾಳೆ ಒಂದ ರೊಟ್ಟಿ, ನಾಡದ ಎರಡ. ಒಮ್ಮಿಗೇ ಬಿದ್ರ ಹೊಟ್ಟಿ ಸಿಟ್ಟಾಗ್ತದ." ಹಣ ಕೊಟ್ಟು ಊಟಕ್ಕೆ ಬಂದವನಿಗೆ ಕಡಿಮೆ ಉಣ್ಣು ಅಂತ ಹೇಳುವ ಖಾನಾವಳಿ ಇದೇ ಮೊದಲು ನೋಡಿದ್ದು. ನಾರಿನ ಊಟವನ್ನು ಮೆಲ್ಲಗೆ ಹೆಚ್ಚಿಸಬೇಕು ಅಂತ ನಾನೂ ಓದಿದ್ದೇನೆ. ಅವರು ಓದಿಲ್ಲ, ಅವರ ಅತ್ತೆಯಿಂದ ಬಂದ ಮಾತಂತೆ. ಅವತ್ತೇ ತಿಂಗಳ ದುಡ್ಡು ಕಟ್ಟಿದೆ.

ಈಗ ತಟ್ಟೆಗೆ ಬರೋಣ.

ರೊಟ್ಟಿ ಇಲ್ಲಿಯ ಜೀವ. ಬಿಳಿ ಜೋಳ, ಮಾಲದಂಡಿ. ಹಿಂಗಾರಿಯಲ್ಲಿ ಬೆಳೆದದ್ದನ್ನು ಗದಗ ಕಡೆಯಿಂದ ಚೀಲ ತರಿಸಿ, ವಾರಕ್ಕೆ ಎರಡು ಸಲ ಗಿರಣಿಗೆ ಕಳಿಸುತ್ತಾರೆ. ಹಿಟ್ಟನ್ನು ಸಣ್ಣ ಜರಡಿ ಹಿಡಿಯೋದಿಲ್ಲ. ಅಡುಗೆಮನೆ ಬಾಗಿಲು ಪಡಸಾಲೆಗೇ ತೆರೆದಿರುವುದರಿಂದ ಕೂತಲ್ಲಿಂದಲೇ ಎಲ್ಲ ಕಾಣುತ್ತದೆ. ಎಸರು ಕುದಿಯುವಾಗ ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿಯುತ್ತಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲವಲ್ಲ, ಗೋಧಿ ಹಿಟ್ಟಿನ ಹಾಗೆ ತಾನಾಗೇ ಹಿಡಿದುಕೊಳ್ಳಲ್ಲ, ಬಿಸಿನೀರು ಬಿದ್ದಾಗ ಪಿಷ್ಟ ಅಂಟಾಗಿ ಆ ಜಿಗಿ ಬರುತ್ತದೆ. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಮುದ್ದೆ ಮಾಡಿ, ಹಿಟ್ಟು ಉದುರಿಸಿ ಬಡಿಯೋಕೆ ಶುರು ಮಾಡಿದರೆ ಟಪ್ ಟಪ್ ಟಪ್ ಅಂತ ಒಂದೇ ತಾಳ, ಪ್ರತಿ ಏಟಿಗೆ ರೊಟ್ಟಿ ಒಂದಿಷ್ಟು ತಿರುಗುತ್ತದೆ, ತಿರುಗುತ್ತಾ ತೆಳ್ಳಗಾಗುತ್ತದೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಪಕ್ಕ ನಿಲ್ಲಿಸಿದಾಗ ಊದಿಕೊಳ್ಳುತ್ತದೆ. ಆ ಊದಿದ ರೊಟ್ಟಿ ತಟ್ಟೆಗೆ ಬಿದ್ದಾಗ ಉಸ್ ಅಂತ ಹಬೆ ಬಿಡುತ್ತದೆ. ಅದರ ಮೇಲೆ ಬೆಣ್ಣೆ ಇಡುತ್ತಾರೆ, ಬೇಡ ಅಂದರೂ.

ಲೆಕ್ಕ ಕೇಳುವವರಿಗೆ: ಅಕ್ಕನ ಒಂದು ರೊಟ್ಟಿಗೆ ಹೆಚ್ಚುಕಮ್ಮಿ 50 ಗ್ರಾಂ ಹಿಟ್ಟು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಅದೇ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮೂರು ರೊಟ್ಟಿ ಉಂಡರೆ 15 ಗ್ರಾಂ ಆಯಿತು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಈ ಒಂದು ತಟ್ಟೆಯ ರೊಟ್ಟಿ, ಕಾಳು, ಸೊಪ್ಪು ಸೇರಿದರೆ ಒಂದೇ ಊಟದಲ್ಲಿ ಅದರ ಹತ್ತಿರ ಹೋಗುತ್ತೇವೆ. ಪಿಜಿಯ ಬಿಳಿ ಅನ್ನ, ತಿಳಿಸಾರು, ರಾತ್ರಿ ನೂಡಲ್ಸ್ ತಿನ್ನುವ ನನ್ನ ಹುಡುಗರು ಇಡೀ ದಿನಕ್ಕೆ ಅದರ ಅರ್ಧವನ್ನೂ ಮುಟ್ಟುತ್ತಾರೋ ಇಲ್ಲವೋ. ಅವರೆಲ್ಲ ಮಲಬದ್ಧತೆ ಅಂತ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿಕೊಳ್ಳುತ್ತಾರೆ.

ಈ ನಾರನ್ನು ನಾವು ಅರಗಿಸಿಕೊಳ್ಳಲ್ಲ. ನಮ್ಮ ಹತ್ತಿರ ಅದನ್ನು ಒಡೆಯುವ ಕಿಣ್ವವೇ ಇಲ್ಲ. ಹಾಗಾದರೆ ಯಾಕೆ ತಿನ್ನಬೇಕು ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ನಮಗಲ್ಲ, ನಮ್ಮ ಒಳಗಿರುವವರಿಗೆ. 70 ಕೆಜಿ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ಲೆಕ್ಕ ಹಾಕಿದ್ದಾರೆ. ನಮ್ಮ ಸ್ವಂತ ಜೀವಕೋಶಗಳೇ ಸುಮಾರು 30 ಲಕ್ಷ ಕೋಟಿ. ಎಲ್ಲ ಸೇರಿಸಿ ತೂಕ ಹಾಕಿದರೆ ಈ ಬ್ಯಾಕ್ಟೀರಿಯಾ ಕಾಲು ಕೆಜಿಯೊಳಗೇ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲಿ. ನಾರು ಅಲ್ಲಿಗೆ ತಲುಪಿದಾಗ ಅವು ಹುಳಿಸಿ ಬ್ಯೂಟಿರೇಟ್, ಅಸಿಟೇಟ್, ಪ್ರೊಪಿಯೊನೇಟ್ ಅನ್ನುವ ಸಣ್ಣ ಆಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ ಈ ಬ್ಯೂಟಿರೇಟೇ. ರಕ್ತದಿಂದ ಬರುವುದಕ್ಕಿಂತ ಜಾಸ್ತಿ ಅವು ಇದನ್ನು ನೆಚ್ಚಿಕೊಂಡಿವೆ. ಇಲಿಗಳಿಗೆ ನಾರಿಲ್ಲದ ಊಟ ಹಾಕಿ ನೋಡಿದಾಗ ಬ್ಯಾಕ್ಟೀರಿಯಾ ಹಸಿದು, ಕರುಳಿನ ಗೋಡೆಯನ್ನು ಕಾಯುವ ಲೋಳೆ ಪದರವನ್ನೇ ತಿನ್ನೋಕೆ ಶುರು ಮಾಡಿದ್ದು ಕಂಡಿದೆ. ಮನೆಯಲ್ಲಿ ಸಾಕಿದವರಿಗೆ ಊಟ ಹಾಕಬೇಕಲ್ವಾ?

ಕಾಳುಪಲ್ಯ ದಿನಾ ಬೇರೆ. ಮಡಿಕೆಕಾಳು, ಹೆಸರುಕಾಳು, ಅಲಸಂದಿ, ಕಡಲೆ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ತರಿಸಿದ್ದು. ಒಮ್ಮೆ ಪಕ್ಕದಲ್ಲಿ ಕೂತ ಹುಡುಗ ಕಾಳು ಬೇಡ, ಗ್ಯಾಸ್ ಆಗುತ್ತದೆ ಅಂತ ಬಟ್ಟಲು ಸರಿಸಿದ. ನಾನು ಸುಮ್ನೆ ಇರೋಕಾಗದೆ ಹೇಳಿದೆ: ಕಾಳಿನಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಅಂತ ಸಕ್ಕರೆಗಳಿವೆ, ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ, ದೊಡ್ಡ ಕರುಳಿನವರು ಒಡೆದಾಗ ಗ್ಯಾಸ್ ಬರುತ್ತದೆ, ನೆನೆಹಾಕಿ ನೀರು ಚೆಲ್ಲಿ ಮೊಳಕೆ ತರಿಸಿದರೆ ಆ ಸಕ್ಕರೆ ತುಂಬಾ ಕಡಿಮೆಯಾಗುತ್ತದೆ, ಇಲ್ಲಿಯವರು ಅದನ್ನೇ ಮಾಡಿದ್ದಾರೆ. ಒಂದೆರಡು ಚಮಚದಿಂದ ಶುರು ಮಾಡು ಅಂದೆ. ಸ್ವಲ್ಪ ಗ್ಯಾಸ್ ಆದರೆ ರೋಗವೇನಲ್ಲ, ಒಳಗೆ ಕೆಲಸ ನಡೆದಿದೆ ಅಂತ ಅರ್ಥ. ಅವನು ಈಗ ಎರಡನೇ ಸಲ ಹಾಕಿಸಿಕೊಳ್ಳುತ್ತಾನೆ.

ಇನ್ನು ಹಸಿ ತರಕಾರಿ. ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಸಿಕ್ಕ ದಿನ ಹಕ್ಕರಿಕೆ. ಜೊತೆಗೆ ಒಂದು ಹೋಳು ನಿಂಬೆ. ಆ ನಿಂಬೆಯನ್ನು ಅರ್ಧ ಜನ ಹಿಂಡದೇ ಬಿಟ್ಟು ಹೋಗುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸೊಪ್ಪು, ಕಾಳಿನ ಕಬ್ಬಿಣ ಕರುಳಿಗೆ ಸುಲಭಕ್ಕೆ ಇಳಿಯಲ್ಲ. ನಿಂಬೆಯ ಸಿ ಜೀವಸತ್ವ ಜೊತೆಗಿದ್ದರೆ ಇಳಿಯುತ್ತದೆ, ಚಹಾ ಜೊತೆಗಿದ್ದರೆ ಇನ್ನೂ ಕಡಿಮೆ ಇಳಿಯುತ್ತದೆ. ನಮ್ಮ ಹುಡುಗಿಯರಲ್ಲಿ ಎಷ್ಟು ಜನಕ್ಕೆ ರಕ್ತ ಕಡಿಮೆ ಅಂತ ಕಾಲೇಜಿನ ತಪಾಸಣೆಯಲ್ಲಿ ಪ್ರತಿ ವರ್ಷ ನೋಡುತ್ತೇನೆ. ಅವರೇ ಊಟ ಮುಗಿದ ಕೂಡಲೇ ಓಣಿ ಬಾಯಲ್ಲಿ ಚಹಾಕ್ಕೆ ನಿಲ್ಲುತ್ತಾರೆ. ಒಂದು ತಾಸು ತಡೆಯಿರಿ. ನಿಂಬೆ ಹಿಂಡಿ. ಎರಡಕ್ಕೂ ದುಡ್ಡು ಬೇಕಿಲ್ಲ.

ಎಣ್ಣೆಗಾಯಿ, ಪುಂಡಿಪಲ್ಯ ಎರಡೂ ಚೆನ್ನಾಗಿವೆ. ಪುಂಡಿಪಲ್ಯ ಮಂಗಳವಾರ, ಅದರ ಹುಳಿ ನಾಲಿಗೆಯ ಪಕ್ಕಕ್ಕೆ ತಾಗಿ ಕಣ್ಣು ಮುಚ್ಚಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನೇ ಬಳಸುವುದರಿಂದ ಕೆಂಪು ನೋಡಿ ಹೆದರಬೇಡಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಮೊದಲ ವಾರ ನನಗೆ ಅದೂ ಉರಿಯುತ್ತಿತ್ತು. ಖಾರದ ಉರಿಯನ್ನು ಹಿಡಿಯುವ ನರದ ತುದಿಗಳು ಬಾಯಲ್ಲಿ ಮಾತ್ರ ಅಲ್ಲ, ಕರುಳಿನ ಉದ್ದಕ್ಕೂ ಇವೆ.

ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೂರು ಡಬ್ಬಿ ಮೇಜಿನ ಮೇಲೆ ಸದಾ ಇರುತ್ತವೆ. ಚಟ್ನಿಪುಡಿ ಅಂತ ಉದಾಸೀನ ಮಾಡಬೇಡಿ. ಸೊಪ್ಪಿನಲ್ಲಿರುವ, ಎ ಜೀವಸತ್ವವಾಗಿ ಬದಲಾಗುವ ಕ್ಯಾರೋಟಿನ್ ಕರುಳಿನಿಂದ ಒಳಗೆ ಹೋಗಬೇಕಾದರೆ ಜೊತೆಗೆ ಒಂದಿಷ್ಟು ಜಿಡ್ಡು ಬೇಕು. ಜಿಡ್ಡು ಬಂದಾಗ ಪಿತ್ತಕೋಶ ಹಿಂಡಿ ಪಿತ್ತರಸ ಬಿಡುತ್ತದೆ, ಅದು ಸೋಪಿನ ಹಾಗೆ ಜಿಡ್ಡನ್ನು ಸಣ್ಣ ಸಣ್ಣ ಹನಿ ಮಾಡುತ್ತದೆ, ಮೇದೋಜೀರಕದಿಂದ ಬಂದ ಕಿಣ್ವ ಅದನ್ನು ಒಡೆಯುತ್ತದೆ. ಬರೀ ಸೊಪ್ಪು ಬೇಯಿಸಿ ಎಣ್ಣೆ ಮುಟ್ಟದೆ ತಿನ್ನುವ ಡಯಟ್ ಮಾಡುವವರು ಇದನ್ನು ಗಮನಿಸಬೇಕು. ರೊಟ್ಟಿ ಮೇಲೆ ಅಕ್ಕ ಇಡುವ ಬೆಣ್ಣೆಯನ್ನು ನಾನು ಈಗ ಬೇಡ ಅನ್ನಲ್ಲ.

ಒಂದು ಮಧ್ಯಾಹ್ನ ಮಳೆ ಜೋರಾಗಿ, ಊಟ ಆದವರು ಯಾರೂ ಹೊರಗೆ ಹೋಗೋಕಾಗದೆ ಕೂತಿದ್ದೆವು. ಅಕ್ಕನ ಮಗಳು ಎಂಟನೇ ಕ್ಲಾಸು. ಕರುಳು ಎಷ್ಟು ಉದ್ದ ಸರ್ ಅಂತ ಕೇಳಿದಳು. ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡದು ಒಂದೂವರೆ ಮೀಟರ್ ಅಂದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. ಹಾಗಾಗಿ ಪಡಸಾಲೆಯನ್ನು ಅಳೆದೆವು. 12 ಅಡಿ ಅಗಲ, 26 ಅಡಿ ಉದ್ದ. 312 ಚದರ ಅಡಿ. ನಾನು ಓದುವಾಗ ಕರುಳಿನ ಒಳಮೈ ಬಿಚ್ಚಿ ಹಾಸಿದರೆ ಟೆನಿಸ್ ಅಂಗಳದಷ್ಟು ಅಂತಿತ್ತು. 2014ರಲ್ಲಿ ಸ್ವೀಡನ್‌ನ ಸಂಶೋಧಕರು ಸರಿಯಾಗಿ ಅಳೆದು ಸುಮಾರು 30 ಚದರ ಮೀಟರ್ ಅಂದರು. ಅಂದರೆ ಹೆಚ್ಚುಕಮ್ಮಿ ಈ ಪಡಸಾಲೆಯಷ್ಟೇ. ನಾವು ಕೂತು ಉಣ್ಣುವ ನೆಲದಷ್ಟು ಅಗಲದ ಹಾಸು ಪ್ರತಿಯೊಬ್ಬರ ಹೊಟ್ಟೆಯಲ್ಲೂ ಮಡಚಿ ಮಡಚಿ ಇಟ್ಟಿದೆ. ಮಡಿಕೆಯ ಮೇಲೆ ಎಳೆ, ಎಳೆಯ ಮೇಲೆ ಇನ್ನೂ ಸಣ್ಣ ಎಳೆ. ಆ ಹಾಸಿನ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತವೆ. ಮಗಳು ಪಡಸಾಲೆಯ ಉದ್ದಕ್ಕೂ ಒಮ್ಮೆ ನಡೆದು ನೋಡಿ, "ಇದಷ್ಟೂ ವಾರದಾಗ ಹೊಸಾದ ಆಗ್ತದೇನ್ರಿ?" ಅಂದಳು. ಹೌದವ್ವ ಅಂದೆ. ಕ್ಲಾಸಿನಲ್ಲಿ ಯಾವತ್ತೂ ಆ ಪಾಠ ಅಷ್ಟು ಚೆನ್ನಾಗಿ ಆಗಿರಲಿಲ್ಲ.

ನನಗೆ ಧೈರ್ಯ ಬಂದದ್ದೂ ಅಲ್ಲೇ. ಜೀವಕೋಶ ಬೇಗ ಹೊಸದಾದರೂ ಸೋಂಕಿನಿಂದ ಸವೆದ ಎಳೆಗಳು ಪೂರ್ತಿ ಬೆಳೆದು ಲ್ಯಾಕ್ಟೇಸ್ ಮತ್ತೆ ಬರೋಕೆ ವಾರಗಳು ಬೇಕು, ಆಂಟಿಬಯೋಟಿಕ್‌ನಿಂದ ಏರುಪೇರಾದ ಬ್ಯಾಕ್ಟೀರಿಯಾ ತಮ್ಮ ಜಾಗಕ್ಕೆ ಮರಳೋಕೆ ವಾರಗಳಿಂದ ತಿಂಗಳುಗಳೇ ಬೇಕು. ಅಲ್ಲಿವರೆಗೆ ತಾಳ್ಮೆ ಮತ್ತು ಊಟ. ಹಾಲು ಆಗದಿದ್ದ ಆ ದಿನಗಳಲ್ಲೂ ಇಲ್ಲಿಯ ಮೊಸರು ಏನೂ ಮಾಡಲಿಲ್ಲ. ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಲ್ಲಿ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ಒಡೆಯೋಕೆ ಕರುಳಿನಲ್ಲೂ ನೆರವಾಗುತ್ತವೆ. ಅಕ್ಕ ರಾತ್ರಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ, ಬೆಳಗ್ಗೆ ಚಮಚ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ. ಮಜ್ಜಿಗೆಗೆ ಜೀರಿಗೆ, ಉಪ್ಪು, ಕೊತ್ತಂಬರಿ. ಎಷ್ಟು ಕೇಳಿದರೂ ಹಾಕುತ್ತಾರೆ.

ಅಕ್ಟೋಬರ್ ಮೂರನೇ ವಾರ ಒಂದು ಪೇಢೆ ತಿಂದು ಗಡಿಯಾರ ನೋಡುತ್ತಾ ಕೂತೆ. ಒಂದು ತಾಸು ಆಯಿತು, ಎರಡು ತಾಸಾಯಿತು, ಏನೂ ಆಗಲಿಲ್ಲ. ಸಂಜೆ ಇನ್ನೊಂದು ತಿಂದೆ.

ಇದನ್ನು ಓದಿ ಖಾನಾವಳಿ ಊಟ ಔಷಧಿ ಅಂತ ತಿಳಿಯಬೇಡಿ. ನನ್ನದು ತಾನಾಗೇ ಸರಿಹೋಗುವಂಥದ್ದು, ಈ ಊಟ ಅದಕ್ಕೆ ದಾರಿ ಮಾಡಿಕೊಟ್ಟಿತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ಜ್ವರ ಬಿಡದಿರೋದು ಇದ್ದರೆ ಮೊದಲು ಡಾಕ್ಟರ್. ಕೆಲವರಿಗೆ ಇಷ್ಟು ನಾರು, ಕಾಳು, ಉಳ್ಳಾಗಡ್ಡಿ ಒಗ್ಗೋದೇ ಇಲ್ಲ, ಅವರ ಕರುಳಿನ ಸ್ವಭಾವ ಬೇರೆ ಇರುತ್ತದೆ, ಅವರು ಒತ್ತಾಯ ಮಾಡಿಕೊಳ್ಳಬಾರದು.

ಇನ್ನೊಂದು ವಿಷಯ, ಪೂರ್ತಿ ಸಸ್ಯಾಹಾರಿಗಳಿಗೆ. ಬಿ12 ಅನ್ನೋದು ರೊಟ್ಟಿ, ಕಾಳು, ಸೊಪ್ಪಿನಲ್ಲಿ ಇಲ್ಲ. ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ತಯಾರು ಮಾಡುತ್ತವೆ, ಆದರೆ ಅದು ರಕ್ತಕ್ಕೆ ಹೋಗುವ ಜಾಗ ಸಣ್ಣ ಕರುಳಿನ ಕೊನೆಯ ಭಾಗ. ಅಂದರೆ ಬಾಗಿಲು ದಾಟಿದ ಮೇಲೆ ತಯಾರಾಗುತ್ತದೆ, ನಮಗೆ ಹೆಚ್ಚು ಸಿಗಲ್ಲ. ಹಾಗಾಗಿ ಇಲ್ಲಿ ಮೊಸರು ಬಿಡಬೇಡಿ, ಕೈಕಾಲು ಜೋಮು, ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಕುಂದುಕೊರತೆಗಳನ್ನೂ ಹೇಳುತ್ತೇನೆ, ಅಕ್ಕನಿಗೆ ನೇರವಾಗಿಯೂ ಹೇಳಿದ್ದೇನೆ. ಹಪ್ಪಳ, ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿ. ಅನ್ನ ಕೆಲವು ದಿನ ಮೆತ್ತಗೆ ಮುದ್ದೆಯಾಗಿರುತ್ತದೆ. ಒಂದೂಕಾಲಿಗೆ ಕ್ಲಾಸು ಬಿಟ್ಟು ಹುಡುಗರು ಒಮ್ಮೆಲೇ ನುಗ್ಗಿದಾಗ ರೊಟ್ಟಿ ಬರೋಕೆ ಹದಿನೈದು ಇಪ್ಪತ್ತು ನಿಮಿಷ ಆಗುತ್ತದೆ, ಬಡಿಯುವವರು ಇಬ್ಬರೇ. ಶುರುವಿನಲ್ಲಿ ಕೈ ತೊಳೆಯುವಲ್ಲಿ ಸೋಪು ಇರಲಿಲ್ಲ, ಅದು ನನಗೆ ಬಹಳ ದೊಡ್ಡ ದೋಷ ಅನಿಸಿತ್ತು, ಹೇಳಿದ ಮರುದಿನವೇ ಇಟ್ಟರು, ಈಗ ಮುಗಿಯುವ ಮೊದಲೇ ಹೊಸದು ಬರುತ್ತದೆ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ.

ನೀರಿನ ವಿಷಯ ಬೇರೆಯಾಗಿ ಹೇಳಬೇಕು. ನಮ್ಮ ಅವಳಿ ನಗರಕ್ಕೆ ಸವದತ್ತಿ ಹತ್ತಿರದ ರೇಣುಕಾಸಾಗರದಿಂದ ಮಲಪ್ರಭಾ ನೀರು ಬರುತ್ತದೆ, ಎಷ್ಟೋ ಓಣಿಗಳಿಗೆ ದಿನಗಟ್ಟಲೆ ಬಿಟ್ಟು ಒಮ್ಮೆ. ಎಲ್ಲರೂ ಟ್ಯಾಂಕಿನಲ್ಲಿ, ಬ್ಯಾರಲ್ಲಿನಲ್ಲಿ ತುಂಬಿಟ್ಟುಕೊಳ್ಳುತ್ತೇವೆ. ತುಂಬಿಟ್ಟ ನೀರಿಗೆ ಯಾರದೋ ಕೈ ತಾಗಿದರೂ ಸಾಕು. ನನಗೆ ಆಗಸ್ಟ್‌ನಲ್ಲಿ ಆದದ್ದು ಊಟದಿಂದಲೋ ನೀರಿನಿಂದಲೋ ನನಗೇ ಗೊತ್ತಿಲ್ಲ. ಇಲ್ಲಿ ಕುಡಿಯುವ ನೀರನ್ನು ಬೆಳಗ್ಗೆ ಎದ್ದ ಕೂಡಲೇ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಆರಿಸಿ, ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ ಹಾಕುತ್ತಾರೆ. ಲೋಟ ಅದ್ದಿ ತೆಗೆಯೋದಿಲ್ಲ. ಮೊದಲ ವಾರ ನಾನು ಬೇಕಂತಲೇ ಬೇಗ ಹೋಗಿ ಕಣ್ಣಾರೆ ನೋಡಿದ್ದೇನೆ. ಹಸಿ ತರಕಾರಿಯನ್ನೂ ಕತ್ತರಿಸುವ ಮೊದಲು ಇದೇ ನೀರಿನಲ್ಲಿ ಕೊನೆಯ ಸಲ ತೊಳೆಯುತ್ತಾರೆ. ಹೊರಗೆ ಉಣ್ಣುವಾಗ ನಾನು ಹಸಿ ಸೌತೆಕಾಯಿ ಮುಟ್ಟುವ ಜಾಗ ಇದೊಂದೇ.

ಒಂದು ಊಟಕ್ಕೆ 90 ರೂಪಾಯಿ, ರೊಟ್ಟಿ ಎಷ್ಟಾದರೂ ಉಣ್ಣಬಹುದು. ತಿಂಗಳಿಗೆ 26 ಊಟ ಅಂತ ಕಟ್ಟಿದರೆ 2,000. ನನಗೆ ತೋರಿಸಿದ ಕ್ಯಾಪ್ಸೂಲು, ಪುಡಿಯ ತಿಂಗಳ ಖರ್ಚೂ ಅದರ ಹತ್ತಿರವೇ ಇತ್ತು. ನನ್ನ ಮಟ್ಟಿಗೆ ಐದಕ್ಕೆ ನಾಲ್ಕೂವರೆ. ಸೋಪಿಗೆ ಕಳೆದಿದ್ದ ಅರ್ಧ ವಾಪಸ್ ಕೊಟ್ಟಿದ್ದೇನೆ, ಉಪ್ಪಿಗೆ ಕಳೆದ ಅರ್ಧ ಹಾಗೇ ಇದೆ.

ಹನ್ನೆರಡೂವರೆಗೆ ಶುರು, ಮೂರಕ್ಕೆ ಮುಗಿಯುತ್ತದೆ, ರಾತ್ರಿ ಊಟ ಇಲ್ಲ. ಬಿಸಿ ರೊಟ್ಟಿ ಬೇಕಿದ್ದರೆ ಒಂದು ಗಂಟೆಯೊಳಗೆ ಹೋಗಿ, ಅಡುಗೆಮನೆ ಬಾಗಿಲಿಗೆ ಎದುರಾಗಿ ಕೂತುಕೊಳ್ಳಿ. ಚಳಿ ಬಿದ್ದಿರುವುದರಿಂದ ಈ ವಾರ ಕರಿಂಡಿ ಹಾಕಿದ್ದಾರೆ. ಅಗಸಿ, ಹಸಿಮೆಣಸಿನಕಾಯಿ, ಉಪ್ಪು ರುಬ್ಬಿ, ಸೌತೆಕಾಯಿ ಹೋಳು ಸೇರಿಸಿ ಹುಳಿ ಬರೋಕೆ ಇಟ್ಟಿದ್ದು. ಬರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಒಲೆಯ ಹಿಂದಿನ ಮೂಲೆಯಲ್ಲಿಟ್ಟಿದ್ದಾರೆ, ದಿನಾ ಒಮ್ಮೆ ಬಿಚ್ಚಿ ಕಟ್ಟಿಗೆ ಸೌಟಿನಿಂದ ತಿರುವುತ್ತಾರೆ. ನಿನ್ನೆ ಬಿಚ್ಚಿದಾಗ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು, ಪಡಸಾಲೆವರೆಗೂ ಹುಳಿ ವಾಸನೆ ಬಂತು. "ಇನ್ನೂ ಎರಡ ದಿನ ತಡೀರಿ ಸರ್ರ" ಅಂದರು. ಶನಿವಾರ ತೆಗೆಯುತ್ತಾರೆ.